ಲೀಥಿಯಮ್ಮಿನ ಮೂರು ಎಲೆಕ್ಟ್ರಾನು

ಮೂರೇ ಮೂರು ಎಲೆಕ್ಟ್ರಾನುಗಳ ದೆಸೆಯಿಂದ ಅಶ್ವಜಿತನ ನೌಕರಿಗೆ ಕುತ್ತು ಬಂದಿತ್ತು. ಭಾಲ್ಕಿಯ ಆ ಖಾಸಗಿ ಕಾಲೇಜಿನಲ್ಲಿ ವಾರಕ್ಕೆ ಮೂರು ದಿನ ರುಖ್ಸಾರ ಮೇಡಂ, ಮೂರು ದಿನ ಅವನು ಭೌತಶಾಸ್ತ್ರ ಕಲಿಸುತ್ತಿದ್ದರು. ಈಗ ಒಬ್ಬರಿಗೇ ಪೂರ್ಣ ಹುದ್ದೆ, ಇನ್ನೊಬ್ಬರು ಮನೆಗೆ ಎಂದು ಪರೀಕ್ಷೆ ಇಟ್ಟರು. ಮೇಡಂ ಒಂದೇ ಅಂಕ ಮುಂದೆ.

ಅಂಕ ಕೈಕೊಟ್ಟ ಪ್ರಶ್ನೆ ಇದು: ತೀರಾ ತಣ್ಣಗಾದಾಗ ಒಂದೇ ಸ್ಥಿತಿಯಲ್ಲಿ ಒಟ್ಟಾಗಿ ಕೂತು ಕಂಡೆನ್ಸೇಟ್ ಆಗಲು ತಾನಾಗಿ ಒಪ್ಪದ ಪರಮಾಣು ಯಾವುದು, ಲೀಥಿಯಂ-7 ಅಥವಾ ಪೊಟ್ಯಾಶಿಯಂ-40? ಅಶ್ವಜಿತ ಪೊಟ್ಯಾಶಿಯಂ ಎಂದಿದ್ದ. ಕೀ ಉತ್ತರದಲ್ಲಿ ಲೀಥಿಯಂ ಇತ್ತು.

ಗುರುವಾರ ಔರಾದದ ಮೊದಲ ಬಸ್ಸಿಗೆ ಬಂದವನೇ, ಅಧ್ಯಕ್ಷ ಸತೀಶಕುಮಾರರ ಎದುರಿದ್ದ ಒಂದೇ ಒಂದು ಕುರ್ಚಿ ಹಿಡಿದು ಕೂತ.

"ಕೀ ತಿದ್ದೋ ತನಕ ನಾ ಏಳಂಗಿಲ್ರಿ ಸರ!"

ಕೀ ಟೈಪ್ ಮಾಡಿದ್ದ ಗುಮಾಸ್ತ ಕಲೀಮ ಅದನ್ನು ಹೆತ್ತ ಮಗುವಿನ ಹಾಗೆ ಸಮರ್ಥಿಸಿಕೊಂಡ. "ಏಳು ಬೆಸ ಅದರಿ, ಅಂದ್ರ ಒಟ್ಟಿಗಿ ಕೂಡದ ಫರ್ಮಿಯಾನ್. ನಲವತ್ತು ಸಮ. ಇದರಾಗ ಏನ್ ತಪ್ಪದ?"

"ಎಲೆಕ್ಟ್ರಾನ್ ಯಾರು ಎಣಸಬೇಕ್ರಿ?" ಅಶ್ವಜಿತ ಮೇಜು ಗುದ್ದಿದ. "ಪ್ರೋಟಾನ್ ಮೂರು, ನ್ಯೂಟ್ರಾನ್ ನಾಕು, ಎಲೆಕ್ಟ್ರಾನ್ ಮೂರು. ಹತ್ತು! ಸಮ ಬಂದ್ರ ಬೋಸಾನ್. ಔರಾದ ಜೀಪಿನ ಮಂದಿ ಹಾಂಗ, ಎಷ್ಟಿದ್ರೂ ಒಂದೇ ಜಾಗಾದಾಗ ಹಿಡಿತಾವ. ಪೊಟ್ಯಾಶಿಯಂದು ಎಲ್ಲಾ ಕೂಡಿ ಐವತ್ತೊಂಬತ್ತು, ಬೆಸ. ಅದು ಫರ್ಮಿಯಾನ್. ಒಂದು ಕುರ್ಚಿಗಿ ಒಂದೇ!"

ಗದ್ದಲಕ್ಕೆ ಬಾಗಿಲ ತುಂಬ ಸಿಬ್ಬಂದಿ ನೆರೆಯಿತು. ಅಧ್ಯಕ್ಷರು ಮನೆಯಿಂದ ಕರೆಸಿದ ರುಖ್ಸಾರ ಮೇಡಂ ಬೆರಳು ಮಡಚಿ ಎಣಿಸಿದರು. "ಅಶ್ವಜಿತ ಸರ ಹೇಳೋದು ಖರೇ ಅದರಿ. ನಾನೂ ಎಲೆಕ್ಟ್ರಾನ್ ಮರ್ತೇನಿ."

ಗೆದ್ದೆ ಎಂದುಕೊಂಡ ಅಶ್ವಜಿತ. ಅಧ್ಯಕ್ಷರು ತಲೆ ಕೆರೆದುಕೊಂಡರು.

"ಮೇಡಂಗ ಕೊಟ್ಟ ಅಂಕ ವಾಪಸ್ ತಗೊಳ್ಳಾಕ ಬರಂಗಿಲ್ಲ. ನಿಮಗೂ ಒಂದು ಕೊಡ್ತೇನಿ. ಈಗ ಇಬ್ಬರದೂ ಅಷ್ಟೇ ಆಯ್ತು, ಕುರ್ಚಿ ಮಾತ್ರ ಒಂದು. ಅಲ್ರಿ, ಈ ಫರ್ಮಿಯಾನ್ ಪರಮಾಣು ಎಂದೂ ಕೂಡಿ ಇರಂಗಿಲ್ಲೇನು?"

ಬಾಯಿ ಮುಚ್ಚಿಕೊಂಡಿದ್ದರೆ ಉಳಿಯುತ್ತಿದ್ದ. ಆದರೆ ಪಾಠದ ಚಟ ಬಿಡಬೇಕಲ್ಲ!

"ಯಾಕಿಲ್ರಿ? ಎರಡು ಬೆಸ ಜೋಡಿ ಆದ್ರ ಸಮ ಆತು. ಆಮ್ಯಾಲ ಅವೂ ಕಂಡೆನ್ಸೇಟ್ ಆಗ್ತಾವ."

"ಶಭಾಶ್! ಕಲೀಮ, ಆರ್ಡರ್ ಟೈಪ್ ಮಾಡ. ಒಂದು ಪೋಸ್ಟಿಗಿ ಇಬ್ಬರೂ ಜೋಡಿ. ಸೋಮ, ಮಂಗಳ, ಬುಧ ಮೇಡಂ. ಗುರು, ಶುಕ್ರ, ಶನಿ ಸರ."

ಅದು ಹತ್ತು ವರ್ಷದಿಂದ ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯೇ. ಅಶ್ವಜಿತ ತಲೆಯೆತ್ತಿ ಅದನ್ನು ನೋಡಿದ. ಆದರೂ ಕುರ್ಚಿಯ ಕೈ ಬಿಡಲಿಲ್ಲ.

"ಕೀ ತಿದ್ದೋ ತನಕ ಏಳಂಗಿಲ್ಲ ಅಂದ್ರ ಏಳಂಗಿಲ್ಲ!"

"ಪೋಸ್ಟ್ ತುಂಬ್ತಲ್ರಿ, ಇನ್ನ ಕೀ ಯಾಕ?" ಎಂದ ಕಲೀಮ. "ಗಂಟಿ ಹೊಡೀತು, ಏಳ್ರಿ ಸರ. ಇವತ್ತು ಗುರುವಾರ."