ಬೆನ್ನೇರಿ ಕೂತು ದೂರು ಹೇಳಿದ ಯಂತ್ರಕ್ಕೆ

ಅಗ್ನಿಶಾಮಕ ಠಾಣೆಯ ಉಸಿರಳೆಯುವ ಯಂತ್ರದವರಿಗೆ,

ಮಾನ್ಯರೇ,

ತಮ್ಮ ಮುಖವಾಡಕ್ಕೂ, ನಳಿಕೆಗೂ, ಆ ಪುಟ್ಟ ಕೆಂಪು ದೀಪಕ್ಕೂ ನನ್ನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಕೀರ್ತಿಯನ್ನು ಮೊದಲು ಹೇಳಿದವಳು ತಮ್ಮ ಠಾಣೆಯಲ್ಲೇ ಬೆಂಕಿ ಆರಿಸುವ ಕೆಲಸದಲ್ಲಿರುವ ನನ್ನ ತಂಗಿ, ಕಳೆದ ಭಾನುವಾರ ಸಂಜೆ, ಮಹಡಿಯ ಮೇಲೆ ಒಣಗಿದ ಬಟ್ಟೆ ಮಡಚುತ್ತ. ಕೇಳಿದವರು ನಾನು, ನಮ್ಮಮ್ಮ, ಕೆಳಮನೆಯ ಅಜ್ಜಿ.

ಏಣಿ ತಂಡದ ಆಯ್ಕೆಗಾಗಿ ಅವಳು ತಮ್ಮನ್ನು ಬೆನ್ನಿಗೆ ಕಟ್ಟಿಕೊಂಡು ಠಾಣೆಯ ತರಬೇತಿ ಗೋಪುರದ ಮೆಟ್ಟಿಲು ಹತ್ತಿದಳು, ಅದೂ ಎಲ್ಲ ಗಂಡಸರಿಗಿಂತ ಬೇಗ. ತಾವಾದರೋ ಹೊತ್ತವಳ ಬೆನ್ನಿನ ಮೇಲೇ ಕೂತು, ಇವಳ ಉಸಿರು ಹೆಚ್ಚಾಯಿತೆಂದು ಕೆಂಪು ದೀಪ ಹಚ್ಚಿದಿರಿ. ಅರ್ಧದಲ್ಲಿ ಕಂಬಿ ಹಿಡಿದು ನಿಂತವರಿಗೆಲ್ಲ ಹಸಿರು! ಆಗ ತರಬೇತಿಯ ಸಾಹೇಬರು ಇಡೀ ಅಂಗಳಕ್ಕೆ ಕೇಳುವಂತೆ, “ಹೋದ ಸಲ ಪಾಸಾಗಿದ್ಯಲ್ಲಮ್ಮಾ, ಈಗ್ಯಾಕೆ ಏದುಸಿರು? ಮಾತ್ರೆ ಗೀತ್ರೆ ಬಿಟ್ಯಾ ಹೇಗೆ?” ಎಂದರು. ಎಲ್ಲರೂ ನಕ್ಕರು. ಏಣಿ ತಂಡದ ಪಟ್ಟಿಯಿಂದ ಅವಳ ಹೆಸರು ಹೋಯಿತು.

ಅವಳು ಗರ್ಭನಿರೋಧಕ ಮಾತ್ರೆ ಬಿಟ್ಟದ್ದು ನಿಜ. ಮುಟ್ಟಿನ ತಿಂಗಳ ಉತ್ತರಾರ್ಧದಲ್ಲಿ ಹೆಣ್ಣಿನ ಒಂದು ಹಾರ್ಮೋನು ಉಸಿರನ್ನು ಸ್ವಲ್ಪ ಹೆಚ್ಚಿಸಬಹುದು, ಮಾತ್ರೆ ನುಂಗುವವರಲ್ಲಿ ಈ ಲೆಕ್ಕ ಬೇರೆಯಾಗಬಹುದು, ಹಾಗೆಂದು ಕಾಲಿನ ಕಸುವೇನೂ ಕರಗುವುದಿಲ್ಲ ಎಂದು ಆಮೇಲೆ ಅವಳು ಕಂಡ ವೈದ್ಯೆ ಹೇಳಿದರು. ಗಂಡನಿಗೂ ಅತ್ತೆಗೂ ಹೇಳದ ಸಂಗತಿಯನ್ನು ಅಂಗಳಕ್ಕೆಲ್ಲ ಸಾರಿದ ತಮ್ಮ ಜ್ಞಾನಕ್ಕೆ ಏನೆಂದು ಕೈಮುಗಿಯಲಿ!

ಆದ್ದರಿಂದ ತಾವು ದಯಮಾಡಿ ಒಂದು ತಿಂಗಳ ಮಟ್ಟಿಗೆ ಗರ್ಭಕೋಶವೊಂದನ್ನು ಜೋಡಿಸಿಕೊಂಡು ಮೆಟ್ಟಿಲು ಹತ್ತಿ ತೋರಿಸಬೇಕು. ಕಷ್ಟವಾದರೆ ಅವಳ ಬದಲು ಮಾತ್ರೆಯನ್ನಾದರೂ ತಾವೇ ನುಂಗಬೇಕು. ಅದೂ ಆಗದಿದ್ದರೆ, ನನ್ನ ತಂಗಿಯ ತಿಂಗಳ ಮೊದಲರ್ಧದಲ್ಲಷ್ಟೇ ಹೊತ್ತಿಕೊಳ್ಳತಕ್ಕದ್ದೆಂದು ಊರಿನ ಬೆಂಕಿಗೆಲ್ಲ ಆಜ್ಞೆ ಹೊರಡಿಸಬೇಕು.

ತಮ್ಮ ವಿಶ್ವಾಸಿ,
ತಮ್ಮನ್ನು ಹೊತ್ತವಳ ಅಕ್ಕ

ತಾ.ಕ.: ಹೇಳುವುದು ಮರೆತೆ, ಕೆಳಮನೆಯ ಅಜ್ಜಿ ತಮ್ಮ ಸಾಹೇಬರ ತಾಯಿ. ಮರುದಿನ ಬೆಳಿಗ್ಗೆ ನಾವು ಮೂವರೂ ಠಾಣೆಗೆ ಹೋದೆವು. ಕವಾಯತಿನ ಸಾಲಿನೆದುರು ನಿಂತು ಅಜ್ಜಿ, “ಏನೋ ಮಗನೇ, ಹೊಟ್ಟೆ ಕಟ್ಟಿದೆ ಅಂತ ರಾತ್ರಿ ಮಾತ್ರೆ ನುಂಗಿದ್ಯಲ್ಲ, ಬೆಳಿಗ್ಗೆ ಸಲೀಸಾಯ್ತಾ?” ಎಂದು ಗಟ್ಟಿಯಾಗಿ ವಿಚಾರಿಸಿದರು. ನಮ್ಮಮ್ಮ, “ನಾಚ್ಕೋಬೇಡ ಹೇಳಪ್ಪಾ, ಇಲ್ಲಿ ಎಲ್ಲಾ ಕೇಳೋ ಪದ್ಧತಿ ಇದೆಯಂತಲ್ಲ” ಎಂದರು. ಸಾಹೇಬರು ತಮ್ಮ ದೀಪಕ್ಕಿಂತ ಕೆಂಪಾಗಿ, ನಿಂತಲ್ಲೇ ತಂಗಿಗೆ ಮರುಪರೀಕ್ಷೆ ಬರೆದುಕೊಟ್ಟರು. ಈ ಸಲ ಅಳೆಯುವುದು ಗಡಿಯಾರವಂತೆ. ತಾವು ಕೆಳಗೇ ಕೂತು ಸುಧಾರಿಸಿಕೊಳ್ಳಿ.