ನಲವತ್ತೊಂದು ಬೆನ್ನುಗಳ ಪರೀಕ್ಷೆ

ಎರಡು ದಿನದ ತರಬೇತಿ ಮುಗಿಸಿ ಮನೆಗೆ ಮರಳಿದ ಗಂಡಸಿಗಿಂತ ಅಪಾಯಕಾರಿ ಪ್ರಾಣಿ ಈ ಭೂಮಂಡಲದಲ್ಲಿ ಇನ್ನೊಂದಿಲ್ಲ. ಹುಲಿಯಾದರೂ ಹಸಿದಾಗ ಮಾತ್ರ ಮೈಮೇಲೆ ಬೀಳುತ್ತದೆ. ಇವನು ಊಟ ಮಾಡುತ್ತಲೇ ಬೀಳುತ್ತಾನೆ.

ಮುದ್ರೆ ಸಾಹೇಬ ಬಿದ್ದದ್ದೂ ಹಾಗೆಯೇ. ಕಸಾಯಿಖಾನೆಯಲ್ಲಿ ಮಾಂಸ ಪರೀಕ್ಷಿಸಿ, ತಿನ್ನಲು ಯೋಗ್ಯವಾದದ್ದಕ್ಕೆ ನೀಲಿ ಮುದ್ರೆ ಒತ್ತುವುದು ಅವನ ಉದ್ಯೋಗ. (ಮನೆಯಲ್ಲಿ ಅವನ ಮಾತಿಗೆ ಯಾರೂ ಮುದ್ರೆ ಒತ್ತಿದ್ದಿಲ್ಲ. ಆ ಕೊರತೆಯನ್ನು ಅಲ್ಲಿ ತುಂಬಿಕೊಳ್ಳುತ್ತಿದ್ದ.)

"ಪ್ರಿಯಾನ್ ಅಂತ," ಎಂದ ತಟ್ಟೆಯ ಮುಂದೆ ಕೂತು. "ಕ್ರಿಮಿ ಅಲ್ಲ, ಕೀಟ ಅಲ್ಲ. ತಪ್ಪಾಗಿ ಮಡಚಿಕೊಂಡ ಒಂದು ಪ್ರೋಟೀನು. ಕುರಿ ಮಿದುಳಲ್ಲಿ ಕೂತು ಅಕ್ಕಪಕ್ಕದ ಒಳ್ಳೆ ಪ್ರೋಟೀನುಗಳಿಗೂ ತಪ್ಪಾಗಿ ಮಡಚಿಕೊಳ್ಳೋದು ಕಲಿಸುತ್ತೆ." ಒಗೆದ ಬಟ್ಟೆಯ ರಾಶಿಯಿಂದ ಒಂದು ಅಂಗಿ ಎಳೆದು, ಎಡಗೈಯಲ್ಲೇ ಮಡಚಿಯೂ ತೋರಿಸಿದ.

ಹೆಂಡತಿ ಅಂಗಿಯನ್ನು ನೋಡಿದಳು. "ನೀವು ಮಡಚಿದ್ದು ಅಂತ ದೂರದಿಂದಲೇ ಗೊತ್ತಾಗುತ್ತೆ. ಕುದಿಸಿದ್ರೆ ಸಾಯಲ್ವಾ ಅದು?"

"ಸಾಯೋಕೆ ಅದು ಬದುಕಿದ್ರೆ ತಾನೇ! ಕುದಿಸು, ಹುರಿ, ಜಗ್ಗಲ್ಲ, ಬಗ್ಗಲ್ಲ."

"ನಿಮ್ಮಕ್ಕನ ಹಾಗೆ ಅನ್ನಿ."

ಆ ರೋಗ ಬಂದ ಕುರಿ ಗೋಡೆಗೆ ಮೈ ಉಜ್ಜಿ ಉಜ್ಜಿ ಉಣ್ಣೆ ಕಳೆದುಕೊಳ್ಳುತ್ತದೆ, ಆಮೇಲೆ ತೂರಾಡುತ್ತದೆ. ಬದುಕಿರುವ ಕುರಿಯಲ್ಲಿ ಅದನ್ನು ಅನುಮಾನಿಸಲು ತರಬೇತಿಯಲ್ಲೊಂದು ಉಪಾಯ ಹೇಳಿಕೊಟ್ಟಿದ್ದರು: ಬಾಲದ ಬುಡದಲ್ಲಿ ಬೆನ್ನು ಕೆರೆಯಬೇಕು. ಕುರಿ ತಲೆ ಎತ್ತಿ ತುಟಿ ಚಪ್ಪರಿಸುತ್ತ ಗಾಳಿಯನ್ನೇ ಮೆಲ್ಲತೊಡಗಿದರೆ, ಅನುಮಾನ. ಅನುಮಾನ ಯಾವಾಗ ತಪ್ಪಾಗಬಹುದು ಎಂಬುದನ್ನು ಹೇಳುವ ಹೊತ್ತಿಗೆ ಸಾಹೇಬ ಚಹಾ ಕುಡಿಯಲು ಹೊರಗೆ ಹೋಗಿದ್ದ.

ಮರುದಿನವೇ ಬಚ್ಚಲು ಉಜ್ಜುವ ಬ್ರಷ್ಷು ಮಾಯವಾಯಿತು. ಸಾಹೇಬ ಅದನ್ನು ಉದ್ದನೆಯ ಕೋಲಿಗೆ ಕಟ್ಟಿಕೊಂಡು ಊರ ಸುತ್ತಲಿನ ಕುರಿದೊಡ್ಡಿಗಳ ಮೇಲೆ ದಿಗ್ವಿಜಯಕ್ಕೆ ಹೊರಟಿದ್ದ. ಮೊದಲು ಚರ್ಮ ಹದಮಾಡುವವರ ಓಣಿಯ ಹಿಂದಿನ ದೊಡ್ಡಿ. ಅಲ್ಲಿನ ಬಡಕಲು ಕುರಿಗಳು ಆಗಲೇ ಬೇಲಿಗೆ ಮೈ ಉಜ್ಜುತ್ತಿದ್ದವು. ಬ್ರಷ್ಷು ತಗುಲಿದ್ದೇ ತಡ, ಎರಡು ತುಟಿ ಚಪ್ಪರಿಸಿದವು. ಗಾಬರಿಯಾದರೂ, ಆರಂಭದಲ್ಲೇ ಆತುರ ಬೇಡವೆಂದು "ನಿಗಾದಲ್ಲಿ" ಎಂದು ಬರೆದುಕೊಂಡ. ಮುಂದಿನದು ಅತ್ತೆಯ ದೊಡ್ಡಿ. ನಲವತ್ತೊಂದು ಬೆನ್ನು ಕೆರೆದ, ಒಂದೂ ತುಟಿ ಅಲ್ಲಾಡಲಿಲ್ಲ. ಹೀಗೆ ಹದಿನಾಲ್ಕು ದೊಡ್ಡಿ. ಪ್ರತಿ ದೊಡ್ಡಿಯಿಂದ ಹೊರಬಂದಾಗಲೂ ಸಾಬೂನು ಹಚ್ಚಿ ಮೊಣಕೈವರೆಗೆ ಕೈ ತೊಳೆದ. ಶುಚಿತ್ವದ ವಿಷಯದಲ್ಲಿ ಅವನು ಯಾರ ಮಾತೂ ಕೇಳುವವನಲ್ಲ.

ತಿಂಗಳು ಕಳೆದು ಅತ್ತೆಯ ದೊಡ್ಡಿಗೆ ಎರಡನೆಯ ಸುತ್ತು ಹೋದಾಗ, ಬಾಗಿಲಲ್ಲೇ ಅವನ ಕಾಲು ನಿಂತಿತು.

ಕುರಿಗಳು ಗೋಡೆಗೆ ಮೈ ಉಜ್ಜುತ್ತಿದ್ದವು. ಕಂಬಗಳ ತುಂಬ ಉಣ್ಣೆಯ ಎಳೆಗಳು. ಬೆಳಗಿನ ಬಿಸಿಲಿನಲ್ಲಿ ಆ ಎಳೆಗಳು ಮೆಲ್ಲಗೆ ಅಲ್ಲಾಡುತ್ತಿದ್ದವು. ಹಿಂಡಿನ ಹಿರಿಯ ಕುರಿಯ ಬೆನ್ನಿಗೆ ಬ್ರಷ್ಷು ತಾಗಿಸಿದ. ಅದು ತಲೆ ಎತ್ತಿ, ಕಣ್ಣು ಅರೆಮುಚ್ಚಿ, ತುಟಿ ಚಪ್ಪರಿಸಿತು.

ನಿಯಮ ಸಾಹೇಬನಿಗೆ ಗೊತ್ತಿತ್ತು. ಅನುಮಾನ ಬಂದ ಕುರಿಯನ್ನು ಕೊಂದು ಮಿದುಳು ಪರೀಕ್ಷಿಸಬೇಕು. ರೋಗ ಹೌದಾದರೆ ಇಡೀ ಹಿಂಡನ್ನು ಕೊಂದು, ಸುಣ್ಣ ಸುರಿದು ಹೂಳಬೇಕು. ವರದಿ ಬರೆದರೆ ಅತ್ತೆಯ ನಲವತ್ತೊಂದು ಕುರಿ ಗುಂಡಿಗೆ. ಬರೆಯದಿದ್ದರೆ ಅವು ಒಂದೊಂದಾಗಿ ತನ್ನ ಮುಂದೆಯೇ ಬಂದು ತೂಗುಬೀಳುತ್ತವೆ, ತನ್ನ ಮುದ್ರೆಯನ್ನು ನಂಬಿ ಜನ ಮಕ್ಕಳಿಗೆ ತಿನ್ನಿಸುತ್ತಾರೆ.

ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ ಕೂಗಾಡಲಿಲ್ಲ. ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು.

"ಬರೆದಾಯ್ತಾ?"

"ಇನ್ನೂ ಇಲ್ಲ. ನಾಳೆ ಬೆಳಿಗ್ಗೆ ಪಶುವೈದ್ಯರು ಬರ್ತಾರೆ."

"ಅಪ್ಪ ಹೋದ ಮೇಲೆ ಆ ಕುರಿಗಳೇ ರೀ ನಮ್ಮನ್ನ ಸಾಕಿದ್ದು. ಅಮ್ಮ ಸಾಕಿದ್ದು ಅಂತ ಎಲ್ಲರೂ ಅಂತಾರೆ. ಅಮ್ಮನೇ ಹಾಗೆ ಹೇಳಲ್ಲ."

"ನಿಯಮ ಅಂದ್ರೆ ನಿಯಮ ಕಣೇ. ನಾನೇನು ಮಾಡ್ಲಿ?"

"ನಿಮ್ಮ ಕೆಲಸ ಮಾಡಿ," ಎಂದಳು. ತಟ್ಟೆಗಳನ್ನು ಎಂದಿಗಿಂತ ಮೃದುವಾಗಿ ಒಂದರ ಮೇಲೊಂದು ಇಟ್ಟಳು. ತಟ್ಟೆ ಎತ್ತಿ ಕುಕ್ಕಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಪಶುವೈದ್ಯೆ ಬಂದಳು. ತೆಳ್ಳಗಿನ ಹುಡುಗಿ, ಕಾಲಿಗೆ ದೊಡ್ಡ ರಬ್ಬರ್ ಬೂಟು, ಕೈಯಲ್ಲಿ ಚೂರಿ ಇದ್ದ ಪೆಟ್ಟಿಗೆ. ಅತ್ತೆ ಹಿರಿಯ ಕುರಿಯ ಕತ್ತಿನ ಸುತ್ತ ತೋಳು ಹಾಕಿ ನಿಂತಿದ್ದರು.

"ಇದೇ ತಾನೇ ಅಳಿಯಂದಿರೇ?" ಎಂದರು. "ನೀವು ಮದುವೆಗೆ ಬಂದಾಗ ಇದು ಮರಿ. ನಿಮ್ಮ ಹೊಸ ಪಂಚೆ ತಿಂದಿತ್ತು. ಇವತ್ತು ಲೆಕ್ಕ ತೀರ್ತಾ?"

"ಅತ್ತೆ, ಹಾಗಲ್ಲ... ಜನರ ಆರೋಗ್ಯ..."

"ನಾನು ಬೇಡ ಅಂದ್ನಾ? ಜನ ತಿನ್ನೋ ಪದಾರ್ಥ. ನಿಮಗೆ ಸುಳ್ಳು ಮುದ್ರೆ ಒತ್ತು ಅಂತ ಹೇಳೋವಳು ನಾನಲ್ಲ." ಅವರ ಧ್ವನಿ ಒಡೆಯಲಿಲ್ಲ, ಬೆರಳು ಮಾತ್ರ ಉಣ್ಣೆಯೊಳಗೆ ಇನ್ನಷ್ಟು ಆಳಕ್ಕೆ ಇಳಿಯಿತು. "ಕತ್ತು ನಾನೇ ಹಿಡ್ಕೋತೀನಿ. ಅದಕ್ಕೆ ಹೊಸಬರು ಅಂದ್ರೆ ಹೆದರಿಕೆ."

ಹೆಂಡತಿ ಗೋಡೆಯ ಕಡೆ ತಿರುಗಿದಳು. ಸಾಹೇಬನಿಗೆ ತನ್ನ ಎದೆಬಡಿತ ಕೋಲಿನ ತುದಿಯ ಬ್ರಷ್ಷಿಗೂ ಕೇಳಿಸುತ್ತಿದೆ ಎನ್ನಿಸಿತು.

ಪಶುವೈದ್ಯೆ ಪೆಟ್ಟಿಗೆ ತೆರೆದಳು. ಆದರೆ ಚೂರಿ ತೆಗೆಯಲಿಲ್ಲ. ದೊಡ್ಡಿಯ ಮೂಲೆಯಲ್ಲಿ ಒಂದಕ್ಕೊಂದು ಮೈ ಉಜ್ಜಿಕೊಳ್ಳುತ್ತಿದ್ದ ಮರಿಗಳನ್ನೇ ನೋಡುತ್ತ ಕೇಳಿದಳು. "ಅವಕ್ಕೆಷ್ಟು ವಯಸ್ಸು?"

"ಆರು ತಿಂಗಳು," ಎಂದರು ಅತ್ತೆ.

"ಅವೂ ಕೆರ್ಕೋತಾ ಇವೆಯಲ್ಲ! ಸರ್, ನೀವು ಹೇಳೋ ರೋಗ ಮೈಮೇಲೆ ಕಾಣಿಸೋಕೆ ವರ್ಷಗಳೇ ಬೇಕು. ಆರು ತಿಂಗಳ ಮರಿಗೆ ಎಲ್ಲಿಂದ? ತರಬೇತಿಯಲ್ಲಿ ಹೇಳಿರಬೇಕಲ್ಲ?"

"ಆಗ... ಚಹಾ..." ಎಂದ ಸಾಹೇಬ.

ಅವಳು ಹಿರಿಯ ಕುರಿಯ ಬೆನ್ನಿನ ಹಕ್ಕಳೆ ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು, ಪುಟ್ಟ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು.

"ಬನ್ನಿ, ನೀವೇ ನೋಡಿ."

ನೋಡಿದ. ಎಂಟು ಕಾಲಿನ ಏನೋ ಒಂದು ಅವನತ್ತ ಕಾಲಾಡಿಸಿತು.

"ಕಜ್ಜಿ ಹುಳ. ಇದಿದ್ರೂ ಬೆನ್ನು ಕೆರೆದಾಗ ಕುರಿ ತುಟಿ ಚಪ್ಪರಿಸುತ್ತೆ, ತುರಿಕೆಗೆ ಹಿತವಾಗುತ್ತಲ್ಲ! ಔಷಧಿ ನೀರಲ್ಲಿ ಮುಳುಗಿಸಿದ್ರೆ ಹೋಗುತ್ತೆ. ಯಾರನ್ನೂ ಕೊಲ್ಲೋದು ಬೇಡ."

ಅತ್ತೆ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಕುರಿ ಅವರ ಸೆರಗು ತಿನ್ನತೊಡಗಿತು, ಅವರು ಬಿಡಿಸಿಕೊಳ್ಳಲಿಲ್ಲ. ಹೆಂಡತಿ ಕಣ್ಣೊರೆಸಿಕೊಂಡು ಗಂಡನನ್ನು ನೋಡಿದಳು. ಆ ನೋಟದಲ್ಲಿ ಕ್ಷಮೆಯ ಮೊದಲ ಕಂತು ಇತ್ತು. ಸಾಹೇಬನ ಎದೆ ಅರ್ಧ ಇಂಚು ಉಬ್ಬಿತು.

"ಆದ್ರೂ ವಿಚಿತ್ರ," ಎಂದಳು ಪಶುವೈದ್ಯೆ. "ಹದಿನೈದು ದಿನದಲ್ಲಿ ಇದು ನಾನು ನೋಡ್ತಿರೋ ಹತ್ತನೇ ದೊಡ್ಡಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಕುರಿ ಕೊಂಡಿಲ್ಲ, ಮಾರಿಲ್ಲ. ಹುಳ ಹೇಗೆ ದಾಟಿತು?"

"ಯಾವ್ಯಾವ ದೊಡ್ಡಿ?" ಎಂದು ಸಾಹೇಬ ಉತ್ಸಾಹದಿಂದ ತನ್ನ ಪುಸ್ತಕ ತೆಗೆದ. "ನನ್ನ ಹತ್ರ ಎಲ್ಲ ದಾಖಲೆ ಇದೆ."

ಅವಳು ಒಂದೊಂದೇ ಹೇಳಿದಳು. ಅವನು ಒಂದೊಂದಕ್ಕೂ ಗುರುತು ಹಾಕಿದ. ಏಳನೆಯ ಗುರುತಿಗೆ ಪೆನ್ನು ನಿಧಾನವಾಯಿತು. ಒಂಬತ್ತನೆಯದಕ್ಕೆ ನಿಂತಿತು.

ಹೆಂಡತಿ ಅವನ ಭುಜದ ಮೇಲಿಂದ ಇಣುಕಿದಳು. "ರೀ, ಇದು ನೀವು ಹೋದ ದೊಡ್ಡಿಗಳ ಪಟ್ಟಿ ಅಲ್ವಾ? ಅವರು ಹೇಳಿದ್ದೆಲ್ಲ ಇದರಲ್ಲೇ ಇದೆಯಲ್ಲ?"

ಎಲ್ಲರ ಕಣ್ಣೂ ಮೆಲ್ಲಗೆ ಕೋಲಿನುದ್ದಕ್ಕೂ ಹತ್ತಿ ಬ್ರಷ್ಷಿನಲ್ಲಿ ಹೋಗಿ ನಿಂತವು. ಅದರ ತುಂಬ ಹದಿನಾಲ್ಕು ದೊಡ್ಡಿಯ ಉಣ್ಣೆ.

"ಪ್ರತಿ ಸಲ ತೊಳೀತಿದ್ದೆ," ಎಂದ ಸಾಹೇಬ ಕ್ಷೀಣವಾಗಿ.

"ಬ್ರಷ್ಷನ್ನಾ?"

"...ಕೈಯನ್ನ."

ಪಶುವೈದ್ಯೆ ನಮೂನೆಯೊಂದನ್ನು ಅವನ ಮುಂದೆ ಹಿಡಿದಳು. ಅದರಲ್ಲಿ "ಸೋಂಕಿನ ಮೂಲ" ಎಂಬ ಕಡೆ ಅವನು ತನ್ನ ಹೆಸರು, ಹುದ್ದೆ ಬರೆದ, ಆದಷ್ಟು ಸಣ್ಣ ಅಕ್ಷರದಲ್ಲಿ.

ಅತ್ತೆ ಎದ್ದು ನಿಂತು ಸೀರೆ ಕೊಡವಿಕೊಂಡರು. ಅಳಿಯನನ್ನು ಅಡಿಯಿಂದ ಮುಡಿಯವರೆಗೆ, ಕೊಳ್ಳುವ ಕುರಿಯನ್ನು ನೋಡುವ ಹಾಗೆ ನೋಡಿ, ಬಹಳ ವಿನಯದಿಂದ ಕೇಳಿದರು:

"ಡಾಕ್ಟರಮ್ಮ, ನಿಯಮ ಅಂದ್ರೆ ನಿಯಮ ಅಂತಿದ್ರು ನಮ್ಮ ಅಳಿಯಂದಿರು. ಹಾಗಾದ್ರೆ ಇವರನ್ನ ಎಲ್ಲಿ ಹೂಳೋಣ?"

ಪಶುವೈದ್ಯೆ ಉತ್ತರ ಹೇಳಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಯೋಚಿಸಿದಳು. ಸಾಹೇಬ ಆಸೆಯಿಂದ ಹೆಂಡತಿಯ ಕಡೆ ತಿರುಗಿದ. ಅವಳು, ಸುಣ್ಣ ಎಷ್ಟು ಬೇಕಾಗಬಹುದು ಎಂದು ಕೇಳುತ್ತಿದ್ದಳು.