ಮೆಷಿನ್ ಸರಿಯಾಗಿಯೇ ಇದೆ

ಹೆಂಡತಿ: ಎಡಗೈ ಅಂದ್ರೋ ಬಲಗೈ ಅಂದ್ರೋ? ಅದನ್ನ ಮೊದಲು ಹೇಳಿ.

ಗಂಡ: ಯಾರಿಗೆ?

ಹೆಂಡತಿ: ಮೇಲಿನ ಮನೆಯವರಿಗೆ.

ಗಂಡ: ಅವರಿಗೆ... ನಿನ್ನ ಬಲಗೈ ಉಳುಕಿದೆ ಅಂದೆ.

ಹೆಂಡತಿ: ಎದುರು ಮನೆಯವರಿಗೆ?

ಗಂಡ: ಎಡಗೈ. ಒಂದೇ ಸುಳ್ಳನ್ನ ಎಷ್ಟು ಜನಕ್ಕೆ ಅಂತ ಹೇಳೋದು? ಹೇಳೋನಿಗೂ ಬೇಜಾರಾಗಲ್ವಾ?

ಹೆಂಡತಿ: ಇಬ್ಬರೂ ಒಟ್ಟಿಗೇ ಬಂದಿದ್ರು ರೀ! ಒಬ್ಬರು ಎಣ್ಣೆ ತಂದು ಈ ಕೈ ತಿಕ್ಕಿದ್ರು, ಇನ್ನೊಬ್ಬರು ಆ ಕೈಗೆ ಬಟ್ಟೆ ಸುತ್ತಿದ್ರು. ಕೊನೆಗೆ, ಎರಡು ಕೈಯೂ ಉಳುಕೋ ಹಾಗೆ ಹೊಡೆದದ್ದು ಯಾರು ಅಂತ ನಿಮ್ಮ ಫೋಟೋ ಕಡೆ ಬೆರಳು ತೋರಿಸಿ ಕೇಳಿದ್ರು.

ಗಂಡ: ಅಯ್ಯೋ! ನೀನೇನಂದೆ?

ಹೆಂಡತಿ: ಏನೂ ಅನ್ನಲಿಲ್ಲ. ಬಾಯಿ ತೆರೆಯೋಕೂ ಬೇಜಾರಾಯ್ತು.

ಗಂಡ: ಅಲ್ಲೇ ಒಂದು ಮಾತು ‘ಇಲ್ಲ’ ಅಂದಿದ್ರೆ ನನ್ನ ಮಾನ ಉಳೀತಿತ್ತಲ್ಲೇ!

ಆ ಬೀದಿಗೆಲ್ಲ ಟೈಲರಮ್ಮ ಎಂದರೆ ಈಕೆಯೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಮೆಷಿನ್, ಗೋಡೆಗೆ ಒಂದು ನಿಲುವುಗನ್ನಡಿ, ಕಪಾಟಿನಲ್ಲಿ ಹೆಸರು ಬರೆದ ಚೀಟಿ ಚುಚ್ಚಿದ ಬಟ್ಟೆಗಂಟುಗಳು. ಒಂದು ತಿಂಗಳಿನಿಂದ ಗಂಟುಗಳು ಬರುತ್ತಿದ್ದವು, ಒಂದೂ ಹೋಗುತ್ತಿರಲಿಲ್ಲ. ಗಂಡ ಸಿಟಿ ಬಸ್ಸಿನ ಡ್ರೈವರು. ಮಧ್ಯಾಹ್ನದ ಪಾಳಿಗೆ ಹೋಗುವವರೆಗೆ ಬಾಗಿಲಲ್ಲಿ ನಿಂತು ಗಿರಾಕಿಗಳಿಗೆ ಸಬೂಬು ಹೇಳುವುದೇ ಈಗ ಅವನ ಬೆಳಗಿನ ಪಾಳಿ.

ಗಂಡ: ಇಷ್ಟಕ್ಕೆಲ್ಲ ಮೂಲ ನಿನ್ನ ಸೋಮಾರಿತನ ಕಣೇ.

ಹೆಂಡತಿ: ಸೋಮಾರಿಗಳು ಹಾಯಾಗಿ ಬಿದ್ಕೊಂಡಿರ್ತಾರೆ ರೀ. ನನ್ನ ಪಾಲಿಗೆ ಬಿದ್ಕೊಂಡಿರೋದು ಮಾತ್ರ ಬಂದಿದೆ. ಆ ‘ಹಾಯಾಗಿ’ ಅನ್ನೋದು ಎಲ್ಲೋ ದಾರೀಲೇ ಇಳಿದುಹೋಯ್ತು.

ಗಂಡ: ಮನಸ್ಸು ಗಟ್ಟಿ ಮಾಡ್ಕೋಬೇಕು. ಮೊಬೈಲಲ್ಲಿ ದಿನಾ ಆ ಭಾಷಣ ಹಾಕಿ ಕೊಡ್ತೀನಲ್ಲ, ಕೇಳ್ತೀಯ ತಾನೇ?

ಹೆಂಡತಿ: ಕೇಳ್ದೆ. ಗೆಲ್ಲಬೇಕಾದ್ರೆ ಬೆಳಗ್ಗೆ ನಾಲ್ಕಕ್ಕೇ ಏಳಿ ಅಂತಾನೆ ಆ ಭಾಷಣದವನು.

ಗಂಡ: ಮತ್ತೆ?

ಹೆಂಡತಿ: ನನಗೆ ಮೂರಕ್ಕೇ ಎಚ್ಚರ. ಕಣ್ಣು ಬಿಟ್ಕೊಂಡು ಚಾವಣಿ ನೋಡ್ತಾ ಇರ್ತೀನಿ. ಅವನಿಗಿಂತ ಒಂದು ಗಂಟೆ ಮುಂದೇ ಇದ್ದೀನಿ. ಎಲ್ಲಿ ಗೆದ್ದೆ?

ಅಷ್ಟರಲ್ಲಿ ಯಾರೋ ಬಾಗಿಲನ್ನು ಬೆತ್ತದಿಂದ ಬಡಿದಂತೆ ಬಡಿದರು.

ಗಂಡ: ಮೇಷ್ಟ್ರು! ಕೋಟಿನ ಮೇಷ್ಟ್ರು!

ಹೆಂಡತಿ: ಅವರಿಗೆ ಯಾವ ಕೈ ಹೇಳಿದ್ದೀರಿ?

ಗಂಡ: ಕೈ ಅಲ್ಲ. ಮೆಷಿನ್ ಕೆಟ್ಟಿದೆ ಅಂದಿದ್ದೀನಿ.

ಒಳಗೆ ಬಂದವರು ನಿವೃತ್ತ ಮುಖ್ಯೋಪಾಧ್ಯಾಯರು. ಭಾನುವಾರ ಅವರ ಮೊಮ್ಮಗಳ ಮದುವೆ, ಅಂದು ಗುರುವಾರ. ಅವರ ಹೊಸ ಕೋಟು ಇನ್ನೂ ಎರಡು ತೋಳು, ಒಂದು ಬೆನ್ನಾಗಿ ಕಪಾಟಿನಲ್ಲಿ ಮಲಗಿತ್ತು. ಅವರ ಹಿಂದೆ ಸ್ಕ್ರೂಡ್ರೈವರಿನ ಚೀಲ ಹಿಡಿದ ಒಬ್ಬ ಮುದುಕರು.

ಮೇಷ್ಟ್ರು: ಮೆಷಿನ್ ಕೆಟ್ಟಿದೆ ಅಂದೆಯಲ್ಲಪ್ಪ. ಊರಿನ ಆ ತುದಿಯಿಂದ ರಿಪೇರಿಯವರನ್ನೇ ಕರ್ಕೊಂಡು ಬಂದಿದ್ದೀನಿ. ಇವರು ಮುಟ್ಟಿದರೆ ಮುಗೀತು.

ಗಂಡ: ಛೇ, ನಿಮಗ್ಯಾಕೆ ತೊಂದರೆ ಮೇಷ್ಟ್ರೇ! ಅದು ಸ್ವಲ್ಪ... ದೊಡ್ಡ ಕಾಯಿಲೆ.

ರಿಪೇರಿಯವರು: ದೊಡ್ಡದೇ ಇರಲಿ, ನೋಡೋಣ.

ಮುದುಕರು ನೆಲದ ಮೇಲೆ ಕೂತು ಮೆಷಿನ್ನಿನ ಅಡಿಗೆ ತಲೆ ತೂರಿಸಿದರು. ಅವಳು ಪಕ್ಕದ ಸ್ಟೂಲಿನ ಮೇಲೆ, ಕೊರಳಲ್ಲಿ ಅಳತೆಯ ಟೇಪು ಜೋತುಬಿಟ್ಟುಕೊಂಡು, ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ರಿಪೇರಿಯವರು: ಎಷ್ಟು ದಿನ ಆಯ್ತಮ್ಮಾ ಹೀಗಾಗಿ?

ಹೆಂಡತಿ: ತಿಂಗಳ ಮೇಲಾಯ್ತು.

ರಿಪೇರಿಯವರು: ಇದ್ದಕ್ಕಿದ್ದ ಹಾಗೆ ನಿಂತುಹೋಯ್ತಾ?

ಹೆಂಡತಿ: ಇಲ್ಲ, ನಿಧಾನವಾಗಿ. ದಿನಕ್ಕೆ ನಾಲ್ಕು ಬಟ್ಟೆ ಇದ್ದದ್ದು ಎರಡಾಯ್ತು, ಒಂದಾಯ್ತು. ಆಮೇಲೆ ಒಂದು ಗುಂಡಿ ಹೊಲಿಯೋದೂ ಬೆಟ್ಟ ಹತ್ತಿದ ಹಾಗಾಯ್ತು.

ರಿಪೇರಿಯವರು: ಶುರು ಆಗೋದು ಕಷ್ಟವೋ, ಶುರುವಾಗಿ ಮಧ್ಯೆ ನಿಲ್ಲುತ್ತೋ?

ಹೆಂಡತಿ: ಶುರು ಆಗೋದೇ ಕಷ್ಟ. ಬೆಳಗ್ಗೆ ಅಂತೂ ತಲೆ ಎತ್ತೋಕೇ ಆಗಲ್ಲ.

ರಿಪೇರಿಯವರು: ಹಳೇ ಮೆಷಿನ್ನು, ತಲೆ ಭಾರ ಇರುತ್ತೆ. ಪೂರಾ ಕಬ್ಬಿಣ ನೋಡಿ. ಶಬ್ದ ಮಾಡುತ್ತಾ?

ಗಂಡ: ಇಲ್ಲ ಸ್ವಾಮಿ, ಅದೇ ಆಶ್ಚರ್ಯ! ಮೊದಲು ಬೆಳಗ್ಗಿಂದ ಸಂಜೆವರೆಗೂ ಒಂದೇ ಸಮ. ಕಾಲರ್ ಮಡಿಸಿದ್ರೆ ಒಂದು ಮಾತು, ಚಪ್ಪಲಿ ಅಲ್ಲಿ ಬಿಟ್ಟರೆ ಒಂದು ಮಾತು. ಈಗ ತಿಂಗಳಿಂದ ಪಿಟ್ಟಿಲ್ಲ. ಮನೆ ಎಷ್ಟು ಶಾಂತವಾಗಿದೆ ಅಂದ್ರೆ...

ಮುದುಕರು ಮೆಷಿನ್ನಿನ ಅಡಿಯಿಂದ ತಲೆ ಹೊರಗೆ ತೆಗೆದರು. ಗಂಡನನ್ನೊಮ್ಮೆ, ಸ್ಟೂಲಿನ ಮೇಲಿದ್ದವಳನ್ನೊಮ್ಮೆ ನೋಡಿದರು.

ರಿಪೇರಿಯವರು: ಚಪ್ಪಲಿ ವಿಷಯ ಮೆಷಿನ್ ಮಾತಾಡ್ತಿತ್ತಾ?

ಗಂಡ: ಆಂ? ಅಲ್ಲ... ಅಂದ್ರೆ...

ಮೇಷ್ಟ್ರು: ಎರಡು ಬಡಿದರೆ ಸರಿಹೋಗಲ್ವೇನ್ರಿ? ನನ್ನ ಶಾಲೆಯ ಗಡಿಯಾರಕ್ಕೆ ಹಾಗೇ ಮಾಡ್ತಿದ್ದೆ.

ರಿಪೇರಿಯವರು: ಓಡಿತಾ?

ಮೇಷ್ಟ್ರು: ಬಿತ್ತು.

ರಿಪೇರಿಯವರು ಒಂದು ಚಿಂದಿ ಬಟ್ಟೆ ಇಟ್ಟು ಪೆಡಲ್ ತುಳಿದರು. ಮೆಷಿನ್ ಕರಕರನೆ ಓಡಿ, ಹಲ್ಲು ಜೋಡಿಸಿದ ಹಾಗೆ ಸಾಲು ಹೊಲಿಗೆ ಹಾಕಿತು.

ರಿಪೇರಿಯವರು: ಮೆಷಿನ್ ಸರಿಯಾಗೇ ಇದೆಯಲ್ಲ!

ಗಂಡ: ಆಹಾ! ನೋಡಿದ್ರಾ ಮೇಷ್ಟ್ರೇ, ಏನು ಕೈಗುಣ!

ರಿಪೇರಿಯವರು: ಕೈಗುಣ ಎಲ್ಲಿ ಬಂತು? ನಾನಿನ್ನೂ ಚೀಲವನ್ನೇ ಬಿಚ್ಚಿಲ್ಲ.

ಮೇಷ್ಟ್ರು ಗಂಡನ ಕಡೆ ತಿರುಗಿದರು. ನಲವತ್ತೈದು ವರ್ಷದ ಡ್ರೈವರಿಗೆ ಹೋಂವರ್ಕ್ ಮಾಡದೆ ಬಂದ ಹುಡುಗನ ಮುಖ ಬಂತು.

ಮೇಷ್ಟ್ರು: ಏನಪ್ಪ ಇದು?

ಹೆಂಡತಿ: ಅವರನ್ನ ಬೈಬೇಡಿ ಮೇಷ್ಟ್ರೇ. ನನ್ನ ಕೈಲಿ ಆಗ್ತಿಲ್ಲ. ದಿನಾ ಇಲ್ಲಿ ಬಂದು ಕೂತ್ಕೋತೀನಿ. ಸೂಜಿಗೆ ದಾರ ಪೋಣಿಸಬೇಕು ಅಂದ್ಕೋತೀನಿ. ಅಂದ್ಕೊಳ್ಳೋದ್ರಲ್ಲೇ ಮಧ್ಯಾಹ್ನ ಆಗುತ್ತೆ. ಮೊದಲು ಬೀದೀಲಿ ಯಾರು ಹೋದ್ರೂ ಅವರ ಬಟ್ಟೆಯ ಹೊಲಿಗೆ ಎಲ್ಲಿ ವಕ್ರ ಅಂತ ನೋಡ್ತಿದ್ದೆ. ಈಗ ಬಟ್ಟೆ ಇರಲಿ, ಜನಾನೂ ಕಾಣಲ್ಲ.

ಮೇಷ್ಟ್ರು: ಏನಾಯ್ತು ತಾಯಿ? ಯಾರಾದ್ರೂ ಏನಾದ್ರೂ ಅಂದ್ರಾ?

ಹೆಂಡತಿ: ಯಾರೂ ಏನೂ ಅಂದಿಲ್ಲ. ಯಾರಿಗೂ ಏನೂ ಆಗಿಲ್ಲ. ಒಂದು ಕಾರಣ ಅಂತ ಇದ್ದಿದ್ರೆ ಅದನ್ನ ಹೇಳ್ಕೊಂಡಾದ್ರೂ ಅಳ್ತಿದ್ದೆ.

ಗಂಡ ಕನ್ನಡಿಯ ಕಡೆ ತಿರುಗಿ ನಿಂತ. ಅಂಗಿಯ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡಿದ್ದ. ಕಾಲರಿನ ಒಂದು ಬದಿ ಮೇಲೆ, ಇನ್ನೊಂದು ಬದಿ ಕೆಳಗೆ. ಎಂದಿನಿಂದ ಹಾಗೆ ಓಡಾಡುತ್ತಿದ್ದನೋ! ಇವಳು ಕಂಡೂ ಸುಮ್ಮನಿದ್ದಳೆಂದರೆ ಇದು ಸೋಮಾರಿತನವಲ್ಲ ಎಂದು ಅವನಿಗೆ ಮೊದಲ ಬಾರಿ ಅನ್ನಿಸಿತು.

ಮೇಷ್ಟ್ರು: ಇಚ್ಛಾಶಕ್ತಿ ಬೇಕಮ್ಮ. ಮನಸ್ಸಿದ್ದರೆ ಮಾರ್ಗ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ರಿಪೇರಿಯವರು: ಮನಸ್ಸಿದ್ದರೆ ತಾನೇ ಮೇಷ್ಟ್ರೇ? ಇಲ್ಲಿ ಮನಸ್ಸೇ ಹುಷಾರಿಲ್ಲ. ಕಾಲು ಮುರಿದವನಿಗೆ ಕಾಲಿದ್ದರೆ ಓಡು ಅಂತೀರಾ?

ಮೇಷ್ಟ್ರು: ನಿಮಗೆ ಇದೆಲ್ಲ ಹೇಗ್ರೀ ಗೊತ್ತು?

ರಿಪೇರಿಯವರು: ನನಗೂ ಆಗಿತ್ತು. ಹನ್ನೆರಡು ವರ್ಷದ ಹಿಂದೆ ಇದೇ ಚೀಲ ಮೊಳೆಗೆ ನೇತುಹಾಕಿ ಮಲಗಿದವನು ಐದು ತಿಂಗಳು ಇಳಿಸಲಿಲ್ಲ. ಮನೆಯವರು ಮೊದಲು ಬೈದ್ರು, ಆಮೇಲೆ ಮುದ್ದು ಮಾಡಿದ್ರು, ಆಮೇಲೆ ಪ್ರವಾಸಕ್ಕೆ ಕರ್ಕೊಂಡು ಹೋದ್ರು. ಸಮುದ್ರದ ಮುಂದೆ ಕೂರಿಸಿ ‘ಹೇಗಿದೆ?’ ಅಂದ್ರು. ‘ಒದ್ದೆಯಾಗಿದೆ’ ಅಂದೆ. ಆಗ ನನ್ನ ತಂಗಿಗೆ ಹೊಳೀತು, ಇದು ಡಾಕ್ಟರ ಕೆಲಸ ಅಂತ. ಮಾತ್ರೆ ಕೊಟ್ರು, ಕೂರಿಸಿ ಮಾತಾಡಿಸಿದ್ರು. ನಿಧಾನಕ್ಕೆ ಎದ್ದೆ.

ಹೆಂಡತಿ: ಪೂರ್ತಿ ಎದ್ದಿರಾ?

ರಿಪೇರಿಯವರು: ನಿಮ್ಮ ಮನೆವರೆಗೂ ನಡೆದು ಬಂದಿದ್ದೀನಲ್ಲ ತಾಯಿ. ಮೇಷ್ಟ್ರು ಹೇಳಿದ್ದು ಎರಡೇ ಹೆಜ್ಜೆ ಅಂತ. ಒಂದೂವರೆ ಮೈಲಿ ಇದೆ.

ಅವಳ ತುಟಿ ಸ್ವಲ್ಪ ಅಲುಗಿತು. ನಗು ಎನ್ನುವ ಹಾಗಿರಲಿಲ್ಲ, ಆದರೆ ಗಂಡ ಅದನ್ನು ಗಮನಿಸಿದ.

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು.

ಮೇಷ್ಟ್ರು: ಎಷ್ಟು ಮಕ್ಕಳನ್ನ ಸೋಮಾರಿ ಅಂತ ಬೆಂಚಿನ ಮೇಲೆ ನಿಲ್ಲಿಸಿದ್ದೀನೋ ನಾನು. ಒಬ್ಬ ಹುಡುಗ ಇದ್ದ, ಚೆನ್ನಾಗಿ ಓದ್ತಿದ್ದ. ಒಂದು ವರ್ಷ ಪುಸ್ತಕವನ್ನೇ ತೆಗೀಲಿಲ್ಲ. ಕಿಟಕಿ ಹೊರಗೇ ನೋಡ್ತಿದ್ದ, ಈಯಮ್ಮನ ಹಾಗೇ. ಏನಾಯ್ತು ಅಂತ ಒಂದು ದಿನವೂ ಕೇಳಲಿಲ್ಲ ನಾನು. ಕಿಟಕಿ ಮುಚ್ಚಿಸಿದೆ.

ಹೆಂಡತಿ ಕಿಟಕಿಯಿಂದ ಗಂಡನ ಕಡೆ ತಿರುಗಿದಳು.

ಹೆಂಡತಿ: ನೀವ್ಯಾಕೆ ರೀ ಕೈ ಅಂತ, ಮೆಷಿನ್ ಅಂತ ಊರಿಗೆಲ್ಲ ಸುಳ್ಳು ಹೇಳಿದ್ದು?

ಗಂಡ: ಕೈ ಉಳುಕಿದೆ ಅಂದ್ರೆ ಎಣ್ಣೆ ತರ್ತಾರೆ. ಮೆಷಿನ್ ಕೆಟ್ಟಿದೆ ಅಂದ್ರೆ ರಿಪೇರಿಯವರನ್ನ ತರ್ತಾರೆ. ಮನಸ್ಸು ಸರಿಯಿಲ್ಲ ಅಂದ್ರೆ ಏನು ತರ್ತಾರೆ ಹೇಳು?

ಹೆಂಡತಿ: ಏನೂ ತರಲ್ಲ. ಕಥೆ ತಗೊಂಡು ಹೋಗ್ತಾರೆ.

ಗಂಡ: ಅದಕ್ಕೇ ಹೆದರಿದೆ. ನನ್ನ ಬಸ್ಸು ಆ ಮನಸ್ಸಿನ ಡಾಕ್ಟರ ಆಸ್ಪತ್ರೆ ಮುಂದೆ ದಿನಕ್ಕೆ ಎಂಟು ಸಲ ನಿಲ್ಲುತ್ತೆ. ಅಲ್ಲಿ ಇಳಿಯೋರನ್ನ ನೋಡಿ ನಾನೂ ಕಂಡಕ್ಟರೂ ಮುಸಿಮುಸಿ ನಗ್ತಿದ್ವಿ ಕಣೇ.

ಹೆಂಡತಿ: ಹಾಗಾದ್ರೆ ಇವತ್ತು ನಾನು ಇಳೀವಾಗ ನಗ್ತೀರಾ?

ಗಂಡ: ಇವತ್ತು ರಜೆ ಹಾಕ್ತೀನಿ. ನಾನೂ ಜೊತೆಗೆ ಇಳೀತೀನಿ. ಕಂಡಕ್ಟರ್ ಬೇಕಾದ್ರೆ ನಗಲಿ.

ಮೇಷ್ಟ್ರು: ಹೊರಡಿ ಮತ್ತೆ. ಕೋಟಿನ ಚಿಂತೆ ಬಿಡಮ್ಮ. ಹಳೇದು ಇದೆ. ಮೊಣಕೈ ಹತ್ತಿರ ಹರಿದಿದೆ, ಕೈ ಕಟ್ಟಿಕೊಂಡು ನಿಂತರಾಯ್ತು. ಮೇಷ್ಟ್ರು ಕೈ ಕಟ್ಟಿ ನಿಂತರೆ ಶಿಸ್ತು ಅಂದ್ಕೋತಾರೆ.

ರಿಪೇರಿಯವರು ಚೀಲ ಎತ್ತಿಕೊಂಡರು. ಬಾಗಿಲಲ್ಲಿ ನಿಂತು, ಡಾಕ್ಟರು ಏನು ಕೇಳಿದರೂ ನಾಚಿಕೊಳ್ಳದೆ ಹೇಳಿ ಎಂದು ಅವಳಿಗೆ ಹೇಳಿ ಹೋದರು.

ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದ ಮೇಲೆ ಒಳಗೆ ಕರೆದರು. ಡಾಕ್ಟರಮ್ಮ ಮೃದುವಾಗಿ ಮಾತಾಡುವ, ದಪ್ಪ ಕನ್ನಡಕದ ಹೆಂಗಸು.

ಡಾಕ್ಟರಮ್ಮ: ನಿದ್ದೆ ಹೇಗಿದೆ?

ಗಂಡ: ಮೂರಕ್ಕೇ ಎಚ್ಚರ ಆಗುತ್ತೆ ಡಾಕ್ಟ್ರೇ.

ಡಾಕ್ಟರಮ್ಮ: ಹಸಿವು?

ಗಂಡ: ಅರ್ಧ ತಟ್ಟೆ. ಅದೂ ಬಲವಂತಕ್ಕೆ.

ಡಾಕ್ಟರಮ್ಮ: ಅಳು ಬರುತ್ತಾ?

ಗಂಡ: ಬರುತ್ತೆ... ಇವಳಿಗೆ ಮೊದಲು. ಈಗ ಇಲ್ಲಿ ಕೂತ್ಮೇಲೆ ನನಗೂ.

ಡಾಕ್ಟರಮ್ಮ: ತೋರಿಸೋಕೆ ಬಂದಿರೋದು ಯಾರು?

ಗಂಡ: ಇವಳು.

ಡಾಕ್ಟರಮ್ಮ: ಹಾಗಿದ್ರೆ ನೀವು ಸ್ವಲ್ಪ ಹೊರಗಿರಿ.

ಅವನು ಮುಕ್ಕಾಲು ಗಂಟೆ ಹೊರಗೆ ಬೆಂಚಿನ ಮೇಲೆ ಕೂತ. ಮುಚ್ಚಿದ ಬಾಗಿಲ ಆಚೆ ಹೆಂಡತಿಯ ದನಿ ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ ನಿಲ್ಲದೆ ಬರುತ್ತಿತ್ತು. ತಿಂಗಳಲ್ಲಿ ಅವಳು ಅಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಒಳಗೆ ಕರೆದಾಗ ಅವಳ ಕಣ್ಣು ಕೆಂಪಗಿತ್ತು, ಮುಖ ಮಾತ್ರ ತೊಳೆದ ಹಾಗಿತ್ತು.

ಡಾಕ್ಟರಮ್ಮ: ನೋಡಿ, ಇವರಿಗಿರೋದು ಖಿನ್ನತೆ. ಏನೂ ಮಾಡೋಕೆ ಮನಸ್ಸಾಗದೆ ಇರೋದು ಅದರ ಒಂದು ಲಕ್ಷಣ, ಇವರ ಸ್ವಭಾವ ಅಲ್ಲ. ಮಾತ್ರೆ ಬರೆದಿದ್ದೀನಿ, ಕೆಲಸ ಮಾಡೋಕೆ ಕೆಲವು ವಾರ ಬೇಕು. ವಾರಕ್ಕೊಮ್ಮೆ ಬಂದು ನನ್ನ ಹತ್ತಿರ ಮಾತಾಡಬೇಕು.

ಗಂಡ: ಅಂಗಡಿ ಡಾಕ್ಟ್ರೇ? ಮನಸ್ಸು ಬರೋವರೆಗೂ ಮುಚ್ಚಿಡೋಣವಾ?

ಡಾಕ್ಟರಮ್ಮ: ಮನಸ್ಸು ಬರಲಿ ಅಂತಲೇ ಕಾಯೋದು ಬೇಡ. ಈ ಸ್ಥಿತೀಲಿ ಎಷ್ಟೋ ಸಲ ಕೆಲಸ ಮುಂದೆ, ಮನಸ್ಸು ಹಿಂದೆ. ದಿನಕ್ಕೆ ಐದು ನಿಮಿಷ ಕೂತು ಗುಂಡಿಗೆ ಒಂದು ಕಾಜಾ ಹೊಲೀಲಿ, ಅಷ್ಟೇ. ಆಗದ ದಿನ ಬಿಡಲಿ. ಅದಕ್ಕೆ ಯಾರೂ ಲೆಕ್ಕ ಕೇಳಬಾರದು.

ಗಂಡ: ನಾನೇನು ಮಾಡಲಿ? ಬಸ್ ಓಡಿಸೋನು ನಾನು. ಕೈ ಕಟ್ಟಿ ಕೂರೋಕೆ ಬರಲ್ಲ.

ಡಾಕ್ಟರಮ್ಮ: ಸಂಜೆ ಜೊತೇಲಿ ನಡೆಯೋಕೆ ಹೋಗಿ. ಪಕ್ಕದಲ್ಲಿ ಕೂತ್ಕೊಳ್ಳಿ. ಮಾತ್ರೆ ನೆನಪು ಮಾಡಿ. ಮುಖ್ಯವಾಗಿ, ಬುದ್ಧಿ ಹೇಳಬೇಡಿ.

ಗಂಡ: ಒಂಚೂರೂ?

ಡಾಕ್ಟರಮ್ಮ: ಒಂಚೂರೂ.

ಗಂಡ: ಇದೆಲ್ಲ ಎಷ್ಟು ದಿನ ಡಾಕ್ಟ್ರೇ?

ಡಾಕ್ಟರಮ್ಮ: ಮಾತ್ರೆ ಆರೇಳು ತಿಂಗಳಾದ್ರೂ ಬೇಕಾಗಬಹುದು. ನಾನು ಹೇಳದೆ ನಿಲ್ಲಿಸಬಾರದು.

ಹೆಂಡತಿ ಮಾತ್ರೆಯ ಚೀಟಿಯನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. ಓದಿ, ಮತ್ತೆ ಮೇಜಿನ ಮೇಲೆ ಡಾಕ್ಟರಮ್ಮನ ಕಡೆಗೆ ಸರಿಸಿದಳು.

ಹೆಂಡತಿ: ಮಾತ್ರೆ ಆರು ತಿಂಗಳೇ ಇರಲಿ ಡಾಕ್ಟ್ರೇ. ‘ಬುದ್ಧಿ ಹೇಳಬೇಡಿ’ ಅನ್ನೋದನ್ನ ಮಾತ್ರ ಜೀವಮಾನ ಪೂರ್ತಿ ಬರೆದುಕೊಡಿ.